ರುಚಿಯೂ ಪುಷ್ಟಿಯೂ

ಶಾಲೆಯ ಕೊನೆಯ ಗಂಟೆ ಬಾರಿಸಿದೊಡನೆ ಮಕ್ಕಳಿಗೆ ಮೊದಲು ನೆನಪಾಗುವುದು ತಿಂಡಿ. ಮಧ್ಯಾಹ್ನದ ಊಟ ಅಷ್ಟರಲ್ಲಿ ಅರಗಿಹೋಗಿರುತ್ತದೆ. ರಾತ್ರಿಯ ಊಟಕ್ಕೆ ಇನ್ನೂ ನಾಲ್ಕೈದು ಗಂಟೆಗಳ ಅವಧಿ ಉಳಿದಿರುತ್ತದೆ. ಓಡಿ ಆಡಿ ದಣಿದ ದೇಹ ಏನನ್ನಾದರೂ ಬೇಡುತ್ತದೆ. ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ. ಹಿರಿಯರು ಇದನ್ನು ಬಾಯಿಚಪಲವೆಂದು ಗದರಿಸುವುದುಂಟು. ಆದರೆ ಬೆಳೆಯುವ ದೇಹದ ಈ ಬೇಡಿಕೆ ನ್ಯಾಯವಾದುದೇ ಆಗಿದೆ. ಅದನ್ನು ಯಾವುದರಿಂದ ಪೂರೈಸುತ್ತೇವೆ ಎಂಬುದೇ ನಾವು ವಿಚಾರ ಮಾಡಬೇಕಾದ ಸಂಗತಿ.

ಮಕ್ಕಳ ಹೊಟ್ಟೆ ಚಿಕ್ಕದು. ಅವರ ಅವಶ್ಯಕತೆ ಮಾತ್ರ ದೊಡ್ಡದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಗಣನೆಯಂತೆ 13ರಿಂದ 15 ವರ್ಷದ ಬಾಲಕನಿಗೆ ದಿನಕ್ಕೆ 2860 ಕಿಲೊಕ್ಯಾಲೊರಿಗಳಷ್ಟು, ಬಾಲಕಿಗೆ 2400 ಕಿಲೊಕ್ಯಾಲೊರಿಗಳಷ್ಟು ಶಕ್ತಿ ಬೇಕು. ಮಧ್ಯಮ ಪ್ರಮಾಣದ ಶ್ರಮದ ಕೆಲಸ ಮಾಡುವ ವಯಸ್ಕ ಗಂಡಸಿಗೆ ಬೇಕಾದುದು 2710. ಎಂದರೆ ಹದಿನಾಲ್ಕರ ಹುಡುಗನಿಗೆ ಅವನ ತಂದೆಗಿಂತಲೂ ಹೆಚ್ಚು ಆಹಾರ ಬೇಕಾದೀತು. ಇಷ್ಟನ್ನೂ ಮೂರು ಹೊತ್ತಿನ ಊಟದಲ್ಲಿಯೇ ತುಂಬಿಕೊಳ್ಳುವುದು ಸುಲಭವಲ್ಲ. ಆದುದರಿಂದ ಊಟಗಳ ನಡುವಿನ ತಿಂಡಿ ಮಕ್ಕಳ ಪಾಲಿಗೆ ಕಾಲಹರಣದ ವಸ್ತುವಾಗಿರಲಾರದು. ಅದು ಅವರ ನಾಲ್ಕನೆಯ ಊಟ.

ಶಕ್ತಿಯೊಂದಿದ್ದರೆ ಸಾಲದು. ಎಲುಬು ಉದ್ದವಾಗುವ ಈ ವಯಸ್ಸಿನಲ್ಲಿ ದಿನಕ್ಕೆ 1000 ಮಿಲಿಗ್ರಾಂ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ದೇಹಕ್ಕೆ ಬೇಕು. ರಕ್ತ ಕೆಂಪಾಗಿರಲು ಕಬ್ಬಿಣ ಬೇಕು. ಅದು ಬಾಲಕನಿಗೆ ದಿನಕ್ಕೆ 22 ಮಿಲಿಗ್ರಾಂ, ಬಾಲಕಿಗೆ 30 ಮಿಲಿಗ್ರಾಂ. ಸ್ನಾಯುಗಳು ಬಲಿಯಲು ಸಸಾರಜನಕ ಬೇಕು. ಇವು ದೊರೆಯದಿದ್ದರೆ ಹೊಟ್ಟೆ ತುಂಬಿದ್ದರೂ ದೇಹ ಹಸಿದೇ ಇರುತ್ತದೆ. ಕಣ್ಣಿಗೆ ಕಾಣದ ಈ ಹಸಿವು ನಮ್ಮ ದೇಶದಲ್ಲಿ ಎಷ್ಟು ವ್ಯಾಪಕವಾಗಿದೆ ಎಂಬುದಕ್ಕೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಸಾಕ್ಷಿ. 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ, ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ 31 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದುದು ಅದರಿಂದ ತಿಳಿದುಬಂದಿತು. ರಕ್ತಹೀನತೆ ನೋವುಂಟುಮಾಡುವ ರೋಗವಲ್ಲ. ಅದು ಮೌನವಾಗಿ ಕೆಲಸ ಮಾಡುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದ ನಡುವೆ ಜೋಂಪು, ಆಟವೆಂದರೆ ಬೇಸರ. ಇಂಥ ಮಕ್ಕಳಿಗೆ ಸೋಮಾರಿಗಳೆಂಬ ಹೆಸರು ಬರುತ್ತದೆ. ಅವರಲ್ಲಿ ಅನೇಕರ ಸೋಮಾರಿತನ ಸ್ವಭಾವದ್ದಲ್ಲ, ರಕ್ತದ್ದು ಎಂಬುದನ್ನು ಬಲ್ಲವರು ವಿರಳ.

ಹಾಗಾದರೆ ಪುಷ್ಟಿಕರವಾದುದನ್ನೇ ತಿನ್ನಿರೆಂದು ಮಕ್ಕಳಿಗೆ ಉಪದೇಶ ಮಾಡಿದರೆ ಸಾಕೇ? ಸಾಲದು. ಉಪದೇಶ ಕಿವಿಗೆ ತಲಪಬಹುದು, ನಾಲಿಗೆಗೆ ತಲಪಲಾರದು. ಮಕ್ಕಳು ತಿಂಡಿಯಲ್ಲಿ ಏನನ್ನು ಮೆಚ್ಚುತ್ತಾರೆ ಎಂಬುದನ್ನು ಮೊದಲು ಅರಿಯಬೇಕು. ಹಲ್ಲಿಗೆ ಸಿಕ್ಕೊಡನೆ ಗರಿಗರಿ ಎನ್ನುವುದು ಅವರಿಗೆ ಇಷ್ಟ. ಸಿಹಿಯ ಮೇಲಿನ ಒಲವು ಹುಟ್ಟಿನಿಂದಲೇ ಬಂದುದು; ಕಹಿಯನ್ನು ದೂರ ತಳ್ಳುವುದೂ ಹಾಗೆಯೇ. ಹುಳಿ, ಉಪ್ಪು, ಖಾರಗಳು ಕೂಡಿದ ರುಚಿ ಸ್ವಲ್ಪ ದೊಡ್ಡವರಾದ ಮೇಲೆ ಅವರನ್ನು ಸೆಳೆಯುತ್ತದೆ. ಒಗ್ಗರಣೆಯ ಕಂಪು, ಹುರಿದ ಕಾಳಿನ ಕಂಪು, ಏಲಕ್ಕಿಯ ಕಂಪು ಮೂಗಿಗೆ ಬಡಿದೊಡನೆ ಬಾಯಲ್ಲಿ ನೀರೂರುತ್ತದೆ. ಕೊನೆಯದಾಗಿ, ಮುಷ್ಟಿಯಲ್ಲಿ ಹಿಡಿದುಕೊಂಡು, ಜೇಬಿಗೆ ತುಂಬಿಕೊಂಡು, ಗೆಳೆಯರೊಡನೆ ಹಂಚಿಕೊಂಡು ತಿನ್ನಲು ಬರುವಂಥದು ಅವರಿಗೆ ಬೇಕು. ತಟ್ಟೆಯ ಮುಂದೆ ಕಟ್ಟಿಹಾಕುವ ತಿಂಡಿ ಅವರಿಗೆ ತಿಂಡಿಯೇ ಅಲ್ಲ.

ಈ ಗುಟ್ಟುಗಳೆಲ್ಲ ಅಂಗಡಿಯವರಿಗೆ ಚೆನ್ನಾಗಿ ತಿಳಿದಿವೆ. ಹೊಳೆಯುವ ಪೊಟ್ಟಣಗಳಲ್ಲಿ ತೂಗಾಡುವ ತಿನಿಸುಗಳಲ್ಲಿ ಗರಿಗರಿ ಉಂಟು, ಉಪ್ಪುಖಾರ ಉಂಟು, ಕಂಪು ಉಂಟು. ಆದರೆ ಆ ಗರಿಗರಿ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಹಸಿಯ ಆಲೂಗೆಡ್ಡೆಯಲ್ಲಿ ನಾಲ್ಕನೆಯ ಮೂರು ಪಾಲಿಗೂ ಮಿಗಿಲಾಗಿ ಇರುವುದು ನೀರು. ತೆಳ್ಳಗೆ ಹೆಚ್ಚಿದ ಬಿಲ್ಲೆಗಳನ್ನು ಕಾದ ಎಣ್ಣೆಗೆ ಹಾಕಿದಾಗ ಆ ನೀರು ಆವಿಯಾಗಿ ಹೊರಬೀಳುತ್ತದೆ. ಅದು ಬಿಟ್ಟುಹೋದ ಎಡೆಯನ್ನು ಎಣ್ಣೆ ಆಕ್ರಮಿಸುತ್ತದೆ. ಹೀಗಾಗಿ ಚಿಪ್ಸಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕೊಬ್ಬೇ ಆಗಿರುತ್ತದೆ. ಒಂದು ಗ್ರಾಂ ಪಿಷ್ಟದಿಂದ ನಾಲ್ಕು ಕಿಲೊಕ್ಯಾಲೊರಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ ಒಂಬತ್ತು ದೊರೆಯುತ್ತದೆ. ಸಣ್ಣ ಪೊಟ್ಟಣವೊಂದನ್ನು ಮುಗಿಸಿದರೆ ಹಸಿವು ಅಡಗುತ್ತದೆ. ಕಬ್ಬಿಣವಾಗಲಿ, ಸುಣ್ಣವಾಗಲಿ ಲೆಕ್ಕಕ್ಕೆ ಬರುವಷ್ಟು ಸೇರಿರುವುದಿಲ್ಲ. ಮೈದಾ ಹಿಟ್ಟಿನ ತಿನಿಸುಗಳ ಕಥೆಯೂ ಇದೇ. ಗೋಧಿಯ ತೌಡನ್ನೂ ಮೊಳಕೆಯ ಭಾಗವನ್ನೂ ತೆಗೆದುಹಾಕಿದ ಮೇಲೆ ಉಳಿಯುವ ಬಿಳಿಯ ಪುಡಿಯೇ ಮೈದಾ. ಗೋಧಿಯ ನಾರು, ಜೀವಸತ್ವ, ಖನಿಜಗಳ ಬಹುಭಾಗ ತೌಡಿನೊಡನೆಯೇ ಹೊರಟುಹೋಗುತ್ತದೆ.

ಬಣ್ಣದ ಮಾತನ್ನೂ ಇಲ್ಲಿ ಹೇಳಬೇಕು. ಜಾತ್ರೆಯಲ್ಲಿ ಮಾರುವ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ಬೀದಿಬದಿಯ ಗೋಬಿ ಮಂಚೂರಿಯನ್ನೂ ಪರೀಕ್ಷಿಸಿದಾಗ ಕೆಲವು ಮಾದರಿಗಳಲ್ಲಿ ರೊಡಮೈನ್-ಬಿ ಎಂಬ ರಾಸಾಯನಿಕ ಕಂಡುಬಂದುದರಿಂದ, 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಇವುಗಳಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ರೊಡಮೈನ್-ಬಿ ಬಟ್ಟೆಗೆ ಬಣ್ಣ ಹಾಕಲು ಬಳಸುವ ವಸ್ತು. ಹೊಟ್ಟೆಗೆ ಹಾಕುವ ವಸ್ತುವಲ್ಲ. ಇದಕ್ಕೂ ಮೊದಲೇ, 2020ರಲ್ಲಿ, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯೊಳಗೂ ಶಾಲೆಯ ಬಾಗಿಲಿನಿಂದ 50 ಮೀಟರ್ ದೂರದೊಳಗೂ ಮಾರಕೂಡದೆಂದು ನಿಯಮ ಮಾಡಿತು. ನಿಯಮ ಒಳ್ಳೆಯದು. ಆದರೆ ಐವತ್ತೊಂದನೆಯ ಮೀಟರಿನಲ್ಲಿ ಅಂಗಡಿ ಇದ್ದೇ ಇರುತ್ತದೆ. ಬೇಡವೆಂದು ಹೇಳುವುದರ ಜೊತೆಗೆ ಬೇಕೆನ್ನಿಸುವಂಥ ಮತ್ತೊಂದನ್ನು ಮಕ್ಕಳ ಕೈಯಲ್ಲಿಡದಿದ್ದರೆ ಯಾವ ನಿಯಮವೂ ಪೂರ್ಣವಾಗಿ ಫಲಿಸದು.

ಆ ಮತ್ತೊಂದನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಅಡಿಗೆಮನೆಗಳು ಗರಿಗರಿಯನ್ನೂ ಸಿಹಿಯನ್ನೂ ಕಂಪನ್ನೂ ಪಡೆಯುವ ಬೇರೆ ದಾರಿಗಳನ್ನು ಬಹು ಹಿಂದೆಯೇ ಕಂಡುಕೊಂಡಿವೆ. ಅರಳಿಸುವುದು, ಪಾಕ ಹಿಡಿಸುವುದು, ಮೊಳೆಸುವುದು, ಹುದುಗಿಸಿ ಹಬೆಯಲ್ಲಿ ಬೇಯಿಸುವುದು ಇವೇ ಆ ದಾರಿಗಳು. ಒಂದೊಂದನ್ನೂ ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯದು ಅರಳಿಸುವ ವಿಧಾನ. ನಾಗರಪಂಚಮಿಯ ಕಾಲದಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ಅರಳು ಹುರಿಯುವುದನ್ನು ನೀವು ಕಂಡಿರಬಹುದು. ಕಾದ ಬಾಣಲೆಗೆ ಬಿದ್ದ ಜೋಳದ ಕಾಳಿನೊಳಗಿನ ತೇವ ಆವಿಯಾಗುತ್ತದೆ. ಗಟ್ಟಿಯಾದ ಸಿಪ್ಪೆ ಆ ಆವಿಯನ್ನು ಹೊರಗೆ ಬಿಡದೆ ತಡೆದು ನಿಲ್ಲಿಸುತ್ತದೆ. ಒತ್ತಡ ಹೆಚ್ಚುತ್ತ ಹೋಗಿ, ಕೊನೆಗೆ ಸಿಪ್ಪೆ ಪಟ್ಟೆಂದು ಸೀಳುತ್ತದೆ. ಒಳಗೆ ಮೆತ್ತಗಾಗಿದ್ದ ಪಿಷ್ಟ ಕ್ಷಣಾರ್ಧದಲ್ಲಿ ಉಬ್ಬಿ ಬಿಳಿಯ ಹೂವಿನಂತೆ ಅರಳುತ್ತದೆ. ಎಣ್ಣೆಯ ಒಂದು ಹನಿಯೂ ಇಲ್ಲದೆ ಗರಿಗರಿಯಾದ ತಿಂಡಿ ಸಿದ್ಧ. ಕಾಳಿನ ಹೊರಪದರ ಅರಳಿನೊಡನೆಯೇ ಉಳಿಯುವುದರಿಂದ ನಾರಿನ ಅಂಶವೂ ನಷ್ಟವಾಗುವುದಿಲ್ಲ. ಅಕ್ಕಿಯಿಂದ ಮಾಡುವ ಮಂಡಕ್ಕಿಯೂ ಬಿಸಿ ಮರಳಿನ ಶಾಖದಿಂದಲೇ ಉಬ್ಬುತ್ತದೆ. ಮಂಡಕ್ಕಿಯೊಂದರಲ್ಲೇ ಹೆಚ್ಚಿನ ಸತ್ತ್ವವಿಲ್ಲವೆಂಬುದು ನಿಜ. ಆದರೆ ಅದಕ್ಕೆ ಹುರಿಗಡಲೆ, ಹುರಿದ ಶೇಂಗಾ, ಹೆಚ್ಚಿದ ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್ಟು, ಕೊತ್ತಂಬರಿ ಸೊಪ್ಪು ಬೆರೆಸಿ ನಿಂಬೆಯ ಹುಳಿ ಹಿಂಡಿದರೆ ಅದೇ ಮಂಡಕ್ಕಿ ಪುಷ್ಟಿಕರವಾದ ತಿಂಡಿಯಾಗುತ್ತದೆ.

ಅರಳಿದ ಧಾನ್ಯಗಳಲ್ಲಿ ರಾಗಿಯ ಸ್ಥಾನ ವಿಶೇಷವಾದುದು. ರಾಗಿಯನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಿನಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಹುರಿದರೆ ಅದು ಅರಳುತ್ತದೆ. ಆ ಅರಳನ್ನು ಬೀಸಿದರೆ ದೊರೆಯುವುದೇ ರಾಗಿ ಹುರಿಹಿಟ್ಟು. ಅದು ಆಗಲೇ ಬೆಂದಿರುವುದರಿಂದ ಮತ್ತೆ ಒಲೆಯ ಮೇಲೆ ಇಡಬೇಕಾಗಿಲ್ಲ. ಮಜ್ಜಿಗೆಯಲ್ಲಿ ಕಲಸಿದರೂ ಸರಿ, ಬೆಲ್ಲ ಕಾಯಿತುರಿಯೊಡನೆ ಬೆರೆಸಿದರೂ ಸರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುತ್ತದೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿಗೆ ಮೀರದು. ಹದಿನಾರನೆಯ ಶತಮಾನದಲ್ಲಿದ್ದ ಕನಕದಾಸರು ತಮ್ಮ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಕೊನೆಗೆ ರಾಗಿಗೆ ಜಯ ದೊರಕಿಸಿಕೊಟ್ಟಿದ್ದಾರೆ. ಬಡವರ ಧಾನ್ಯವೆಂದು ಹೀಗಳೆಯಲ್ಪಟ್ಟಿದ್ದ ರಾಗಿ ಮೊದಲಾದ ಕಿರುಧಾನ್ಯಗಳ ಬೆಲೆಯನ್ನು ಜಗತ್ತೂ ಈಚೆಗೆ ಮನಗಂಡಿದೆ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಕಿರುಧಾನ್ಯ ವರ್ಷವೆಂದು ಆಚರಿಸಿತು.

ಹುರಿಹಿಟ್ಟಿನ ಉಂಡೆಯನ್ನು ಹೀಗೆ ಮಾಡಬಹುದು. ಒಂದು ಲೋಟ ರಾಗಿ ಹುರಿಹಿಟ್ಟು, ಕಾಲು ಲೋಟ ಹುರಿಗಡಲೆಯ ಹಿಟ್ಟು, ಕಾಲು ಲೋಟ ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ, ಎರಡು ಚಮಚ ಹುರಿದ ಎಳ್ಳು, ಅರ್ಧ ಲೋಟ ಬೆಲ್ಲದ ಪುಡಿ ಇವನ್ನು ಒಟ್ಟುಗೂಡಿಸಬೇಕು. ಏಲಕ್ಕಿ ಪುಡಿ ಹಾಕಿ, ಒಂದು ಚಮಚ ತುಪ್ಪ ಬಿಟ್ಟು, ಕಾಯಿಸಿದ ಬಿಸಿ ಹಾಲನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸುತ್ತ ಕಲಸಿ, ಕೈಗೆ ಹದ ಸಿಕ್ಕೊಡನೆ ಉಂಡೆ ಕಟ್ಟಬೇಕು. ಹಾಲು ಹಾಕಿದ ಉಂಡೆಯನ್ನು ಆ ದಿನವೇ ತಿಂದು ಮುಗಿಸಬೇಕು. ಈ ಒಂದು ಉಂಡೆಯಲ್ಲಿ ಧಾನ್ಯವಿದೆ, ಕಾಳಿದೆ, ಎಣ್ಣೆಬೀಜವಿದೆ. ಧಾನ್ಯದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಮಿಥಿಯೊನಿನ್ ಎಂಬುದು ಕಡಿಮೆ. ಎಳ್ಳಿನಲ್ಲಿ ಅದು ಸಮೃದ್ಧ. ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬುವ ಒಳ್ಳೆಯ ನೆರೆಹೊರೆಯವರಂತೆ ಇವು ಕೂಡಿ ಬಾಳುತ್ತವೆ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಕೊಬ್ಬರಿ, ಬೆಲ್ಲ ಒಂದಾಗಿರುವುದನ್ನು ನೆನೆದರೆ, ಪೋಷಣಶಾಸ್ತ್ರ ಹುಟ್ಟುವ ಮೊದಲೇ ಅನುಭವ ಅದರ ಕೆಲಸವನ್ನು ಮಾಡಿತ್ತೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು ಪಾಕದ ವಿಧಾನ. ಕಡಲೆಕಾಯಿ ಚಿಕ್ಕಿಯನ್ನು ಬೇಡವೆನ್ನುವ ಮಗು ಇರುವುದು ಅಪರೂಪ. ಕಡಲೆಕಾಯಿ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ಸಸಾರಜನಕವೇ ಇದೆ. ಎರಡು ಲೋಟ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಬೇಳೆಯಾಗಿ ಒಡೆದಿಟ್ಟುಕೊಳ್ಳಬೇಕು. ಒಂದು ಲೋಟ ಬೆಲ್ಲದ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಕಸ ತೆಗೆದು ಕುದಿಸಬೇಕು. ಎಲ್ಲ ಗುಟ್ಟೂ ಈ ಪಾಕದಲ್ಲಿದೆ. ಕುದಿದಂತೆಲ್ಲ ನೀರಿನ ಅಂಶ ಕಡಿಮೆಯಾಗುತ್ತದೆ, ಪಾಕದ ಉಷ್ಣತೆ ಏರುತ್ತದೆ. ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ನೋಡಬೇಕು. ಅದು ಬೆರಳುಗಳ ನಡುವೆ ಮೆತ್ತಗಿನ ಗೋಲಿಯಾದರೆ ಉಂಡೆಗೆ ತಕ್ಕ ಪಾಕ. ಇನ್ನೂ ಕುದಿಸಿದ ಮೇಲೆ, ನೀರಿಗೆ ಬಿದ್ದ ತೊಟ್ಟು ಗಾಜಿನ ಚೂರಿನಂತೆ ಗಟ್ಟಿಯಾಗಿ, ಮುರಿದರೆ ಟಕ್ಕೆಂದು ತುಂಡಾದರೆ ಅದು ಚಿಕ್ಕಿಯ ಪಾಕ. ಆಗ ಒಲೆಯಿಂದಿಳಿಸಿ, ಬೀಜ ಬೆರೆಸಿ, ತುಪ್ಪ ಸವರಿದ ಮಣೆಯ ಮೇಲೆ ಸುರಿದು, ಲಟ್ಟಣಿಗೆಯಿಂದ ಹರಡಿ, ಬಿಸಿಯಾಗಿರುವಾಗಲೇ ಗೆರೆ ಕೊಯ್ಯಬೇಕು. ಕುದಿಯುವ ಪಾಕ ಮೈಮೇಲೆ ಬಿದ್ದರೆ ಕುದಿನೀರಿಗಿಂತಲೂ ಘೋರವಾಗಿ ಸುಡುತ್ತದೆ. ಆದುದರಿಂದ ಈ ಕೆಲಸವನ್ನು ದೊಡ್ಡವರೇ ಮಾಡುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುವುದಾದರೂ ಅದರ ಬಹುಪಾಲು ಸಕ್ಕರೆಯೇ. ಬೆಲ್ಲವೆಂಬ ಕಾರಣಕ್ಕೆ ಮಿತಿಮೀರಿ ತಿನ್ನಬಾರದು. ಹಲ್ಲಿಗೆ ಅಂಟುವ ಸಿಹಿಯನ್ನು ತಿಂದ ಮೇಲೆ ಬಾಯಿ ಮುಕ್ಕಳಿಸುವುದನ್ನು ಮರೆಯಬಾರದು. ಮುಗ್ಗಿದ ಕಡಲೆಕಾಯಿ ಬೀಜವನ್ನು ಆರಿಸಿ ಎಸೆಯಬೇಕು; ಅದರ ಮೇಲೆ ಬೆಳೆಯುವ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಹುರಿದರೂ ಅದು ಪೂರ್ತಿಯಾಗಿ ನಾಶವಾಗುವುದಿಲ್ಲ. ನಾಲ್ಕೈದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಬೀಜವನ್ನು ಕೊಡಬಾರದು. ಉಸಿರಿನ ನಾಳದಲ್ಲಿ ಅದು ಸಿಕ್ಕಿಕೊಳ್ಳುವ ಅಪಾಯವುಂಟು. ಅಂಥವರಿಗೆ ನುಣ್ಣಗೆ ಪುಡಿಮಾಡಿದ್ದನ್ನೇ ಕೊಡಬೇಕು.

ಮೂರನೆಯದು ಮೊಳೆಸುವ ವಿಧಾನ. ಒಣಗಿದ ಹೆಸರುಕಾಳಿನಲ್ಲಿ ‘ಸಿ’ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಅದೇ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನದ ಹೊತ್ತಿಗೆ ಬಿಳಿಯ ಮೊಳಕೆ ಇಣುಕುತ್ತದೆ. ಆ ಮೊಳಕೆಯೊಡನೆ ‘ಸಿ’ ಜೀವಸತ್ವವೂ ಹೊಸದಾಗಿ ಹುಟ್ಟಿರುತ್ತದೆ. ಕಾಳಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣವನ್ನು ಬಿಗಿಹಿಡಿದು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಮೊಳೆತಾಗ ಅದು ತಗ್ಗುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆಗಳೂ ಕಡಿಮೆಯಾಗುತ್ತವೆ. ಹುರುಳಿ ಮೊಳೆಯಲು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿರುತ್ತದೆ.

ಮೊಳಕೆ ಬಂದ ಕಾಳನ್ನು ಹಬೆಯಲ್ಲಿ ಹತ್ತು ನಿಮಿಷ ಬೇಯಿಸಿ, ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿಗಳ ಒಗ್ಗರಣೆ ಕೊಟ್ಟು, ತೆಂಗಿನ ತುರಿ ಬೆರೆಸಿದರೆ ಉಸಲಿ ಸಿದ್ಧವಾಗುತ್ತದೆ. ಮೊಳಕೆಯ ಬೆಚ್ಚನೆಯ ತೇವದಲ್ಲಿ ರೋಗಾಣುಗಳೂ ಬೆಳೆಯಬಲ್ಲವಾದುದರಿಂದ ಮಕ್ಕಳಿಗೆ ಹಸಿಯದಾಗಿ ಕೊಡುವುದಕ್ಕಿಂತ ಹಬೆಯಲ್ಲಿ ಬೇಯಿಸಿ ಕೊಡುವುದು ಕ್ಷೇಮ. ಕೊನೆಗೆ ಅರ್ಧ ನಿಂಬೆಹಣ್ಣನ್ನು ಹಿಂಡುವುದನ್ನು ಮಾತ್ರ ಮರೆಯಕೂಡದು. ಶಾಖಕ್ಕೆ ‘ಸಿ’ ಜೀವಸತ್ವ ಸ್ವಲ್ಪ ನಷ್ಟವಾಗುತ್ತದೆ. ನಿಂಬೆಯ ರಸ ಅದನ್ನು ತುಂಬಿಕೊಡುತ್ತದೆ. ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಈ ಜೀವಸತ್ವ ನೆರವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ತಿಂಡಿಯ ಜೊತೆಗೇ ಕುಡಿಯುವ ಚಹ ಕಬ್ಬಿಣ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಉಸಲಿಯ ಮೇಲೆ ಹಿಂಡಿದ ಒಂದು ಹೋಳು ನಿಂಬೆ, ಪಕ್ಕಕ್ಕೆ ಸರಿಸಿದ ಒಂದು ಲೋಟ ಚಹ ಇವೆರಡೇ ರಕ್ತಹೀನತೆಯ ವಿರುದ್ಧ ನಡೆಸುವ ಹೋರಾಟದಲ್ಲಿ ಸಣ್ಣ ಗೆಲುವುಗಳು.

ನಾಲ್ಕನೆಯದು ಹುದುಗಿಸಿ ಬೇಯಿಸುವ ವಿಧಾನ. ಅಕ್ಕಿ ಉದ್ದುಗಳನ್ನು ರುಬ್ಬಿ ರಾತ್ರಿಯಿಡೀ ಇಟ್ಟಾಗ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಹುಳಿಯಾಗಿಸಿ ಉಬ್ಬಿಸುತ್ತವೆ. ಅದು ಸುಲಭವಾಗಿ ಜೀರ್ಣವಾಗುವಂತಾಗುತ್ತದೆ. ಅದೇ ಹಿಟ್ಟನ್ನು ಗುಳಿಗಳುಳ್ಳ ಹೆಂಚಿನಲ್ಲಿ ಬೇಯಿಸಿದರೆ ಪಡ್ಡು. ದೋಸೆಯನ್ನು ಅರ್ಧಕ್ಕೇ ಬಿಟ್ಟೇಳುವ ಮಗು ಪಡ್ಡನ್ನು ಎಣಿಸಿ ಎಣಿಸಿ ತಿನ್ನುತ್ತದೆ. ಚೆಂಡಿನಂಥ ಅದರ ಆಕಾರವೇ ಮಗುವಿಗೆ ಒಂದು ಆಟ. ಒಂದೊಂದು ಗುಳಿಗೆ ಎರಡು ಮೂರು ಹನಿ ಎಣ್ಣೆ ಸಾಕು. ಹಿಟ್ಟಿಗೆ ಹೆಚ್ಚಿದ ನುಗ್ಗೆಸೊಪ್ಪನ್ನೋ ತುರಿದ ಕ್ಯಾರೆಟ್ಟನ್ನೋ ಸೇರಿಸಿದರೆ ಕಣ್ಣಿಗೆ ಹಿತವಾದ ‘ಎ’ ಜೀವಸತ್ವದ ಮೂಲಸತ್ತ್ವವೂ ಒಳಗೆ ಹೋಗುತ್ತದೆ. ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುತ್ತಾರೆ. ಅರಿಸಿನದ ಎಲೆಯಲ್ಲಿ ಹಿಟ್ಟು ಹರಡಿ, ಬೆಲ್ಲ ಕಾಯಿತುರಿಗಳ ಹೂರಣವಿಟ್ಟು ಮಡಚಿ ಹಬೆಗೆ ಇಡುತ್ತಾರೆ. ಎಲೆಯ ಕಂಪು ಕಡುಬಿಗೆ ಇಳಿಯುತ್ತದೆ. ಕೃತಕವಾದ ಯಾವ ಪರಿಮಳದ ನೆರವೂ ಅದಕ್ಕೆ ಬೇಕಾಗಿಲ್ಲ.

ಇನ್ನು ಒಲೆಯನ್ನೇ ಹೊತ್ತಿಸದೆ ದೊರೆಯುವ ತಿಂಡಿ ಎಂದರೆ ಹಣ್ಣು. ಹಣ್ಣೆಂದರೆ ದೂರದಿಂದ ಬಂದ, ಮೇಣ ಹಚ್ಚಿ ಹೊಳಪಿಸಿದ ಸೇಬೇ ಆಗಬೇಕೆಂಬ ಭ್ರಮೆ ಹಲವರಲ್ಲಿದೆ. ನಮ್ಮ ಹಿತ್ತಿಲಿನ ಸೀಬೆಯ ನೂರು ಗ್ರಾಮಿನಲ್ಲಿ ಸುಮಾರು 200 ಮಿಲಿಗ್ರಾಂ ‘ಸಿ’ ಜೀವಸತ್ವವಿದೆ. ಕಿತ್ತಳೆಯಲ್ಲಿ ಇದರ ಕಾಲುಭಾಗದಷ್ಟೂ ಇಲ್ಲ. ಸೀಬೆಯ ಹೋಳುಗಳಿಗೆ ಚಿಟಿಕೆ ಉಪ್ಪು, ಚೂರು ಮೆಣಸಿನಪುಡಿ ಸವರಿ ಮುಂದಿಟ್ಟರೆ ಸಾಕು, ತಟ್ಟೆ ಬರಿದಾಗುವುದು ತಡವಾಗದು. ನೆಲ್ಲಿಕಾಯಿ, ಪರಂಗಿಹಣ್ಣು, ಬಾಳೆಹಣ್ಣು, ನೇರಳೆ ಇವೆಲ್ಲ ಆಯಾ ಕಾಲಕ್ಕೆ ಅಗ್ಗವಾಗಿ ಸಿಕ್ಕುವಂಥವೇ.

ಹಳೆಯ ಅನುಭವವನ್ನು ಹೊಸ ವಿಜ್ಞಾನ ಅಲ್ಲಗಳೆದಿಲ್ಲ. ಅದನ್ನು ಪರೀಕ್ಷಿಸಿ ಮುಂದಕ್ಕೆ ಒಯ್ದಿದೆ. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟಿಗೆ ಕಡಲೆಯ ಹಿಟ್ಟನ್ನು ಬೆರೆಸಿ, ಜೀವಸತ್ವ ಖನಿಜಗಳನ್ನು ಕೂಡಿಸಿ, ಅಪೌಷ್ಟಿಕತೆಯ ನಿವಾರಣೆಗಾಗಿ ಬಹೂಪಯೋಗಿ ಆಹಾರವೊಂದನ್ನು ಸಿದ್ಧಪಡಿಸಿದರು. ಉಂಡೆ ಚಿಕ್ಕಿಗಳಲ್ಲಿ ಅಡಗಿದ್ದ ತತ್ತ್ವವೇ ಅಲ್ಲಿಯೂ ಕೆಲಸ ಮಾಡಿತು. ಕರ್ನಾಟಕದ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ಯೋಜನೆಯಡಿ ಮಕ್ಕಳಿಗೆ ಹಾಲು ಕೊಡುವ ಕ್ರಮ ಬಂದಿತು. 2022ರಲ್ಲಿ ಮೊಟ್ಟೆ ಕೊಡುವ ವ್ಯವಸ್ಥೆ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ದೊರೆಯಿತು. 2024ರಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೂಡ ಸೇರಿತು. ಶಾಲೆ ಇಷ್ಟನ್ನು ಮಾಡಬಲ್ಲದು. ಉಳಿದುದು ಮನೆಯ ಕೆಲಸ.

ಮನೆಯ ಕೆಲಸದಲ್ಲಿ ಮೊದಲನೆಯದು ತಾಳ್ಮೆ. ಹೊಸ ತಿಂಡಿಯನ್ನು ಮಗು ಮೊದಲ ದಿನವೇ ಮೆಚ್ಚಬೇಕೆಂಬ ನಿಯಮವಿಲ್ಲ. ಎಂಟು ಹತ್ತು ಬಾರಿ ರುಚಿ ನೋಡಿದ ಮೇಲೆ ನಾಲಿಗೆ ಒಗ್ಗಿಕೊಳ್ಳುವುದುಂಟು. ಬಲವಂತದಿಂದ ತುರುಕಿದರೆ ಮಾತ್ರ ಆ ಪದಾರ್ಥದ ಮೇಲೆ ಜೀವಮಾನದ ದ್ವೇಷ ಹುಟ್ಟೀತು. ಸೊಪ್ಪು ತಿಂದರೆ ಚಾಕೊಲೇಟು ಕೊಡುತ್ತೇನೆ ಎಂಬ ಮಾತೂ ಜಾಣತನದ್ದಲ್ಲ. ಸೊಪ್ಪು ಶಿಕ್ಷೆ, ಚಾಕೊಲೇಟು ಬಹುಮಾನ ಎಂಬ ಪಾಠವನ್ನು ಅದು ಅರಿವಿಲ್ಲದೆ ಕಲಿಸುತ್ತದೆ. ಎರಡನೆಯದಾಗಿ, ಮಕ್ಕಳನ್ನು ಅಡಿಗೆಯ ಕೆಲಸಕ್ಕೆ ಕೂಡಿಸಿಕೊಳ್ಳಬೇಕು. ತಾನೇ ಕಟ್ಟಿದ ಉಂಡೆ ಅಡ್ಡಾದಿಡ್ಡಿಯಾಗಿದ್ದರೂ ಮಗುವಿಗೆ ಅದರ ರುಚಿಯೇ ಬೇರೆ. ಕಾಳು ನೆನೆಹಾಕುವುದು, ಕಡಲೆಕಾಯಿ ಸುಲಿಯುವುದು, ನಿಂಬೆ ಹಿಂಡುವುದು ಯಾವ ಅಪಾಯವೂ ಇಲ್ಲದ ಕೆಲಸಗಳು. ಕೈ ತೊಳೆದುಕೊಂಡು ಬಂದ ಯಾರಿಗಾದರೂ ಇವು ಸಾಧ್ಯ. ಹುಡುಗಿಯರಿಗೆ ಮಾತ್ರ ಮೀಸಲಾದ ಕೆಲಸಗಳು ಇವಲ್ಲ.

ಹುಡುಗಿಯರ ಮಾತು ಬಂದುದರಿಂದ ಮತ್ತೊಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಅನೇಕ ಮನೆಗಳಲ್ಲಿ ಗಂಡುಮಕ್ಕಳು ಮೊದಲು ತಿನ್ನುತ್ತಾರೆ. ಹೆಣ್ಣುಮಕ್ಕಳು ಬಡಿಸಿ, ಉಳಿದುದನ್ನು ತಿನ್ನುತ್ತಾರೆ. ಡಬ್ಬಿಯ ತಳದ ಚೂರು ಅವರ ಪಾಲಿಗೆ. ಆದರೆ ಮೊದಲೇ ನೋಡಿದಂತೆ, ಬಾಲಕನಿಗೆ 22 ಮಿಲಿಗ್ರಾಂ ಕಬ್ಬಿಣ ಬೇಕಾದರೆ ಬಾಲಕಿಗೆ ಬೇಕಾದುದು 30 ಮಿಲಿಗ್ರಾಂ. ಪ್ರತಿ ತಿಂಗಳೂ ರಕ್ತ ಕಳೆದುಕೊಳ್ಳುವ ದೇಹ ಅದನ್ನು ಮತ್ತೆ ಕೂಡಿಸಿಕೊಳ್ಳಬೇಕು. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ದೊರೆಯುವುದು ಎಂಥ ವಿಪರ್ಯಾಸ! ನೂರರಲ್ಲಿ 59 ಎಂಬ ಆ ಸಂಖ್ಯೆಯ ಹಿಂದೆ ಬಡತನದ ಕೈಯೊಂದೇ ಇರುವುದಲ್ಲ. ಹಂಚುವ ಕೈಯ ತಾರತಮ್ಯವೂ ಇದೆ. ಉಂಡೆ ಎಷ್ಟು ಪುಷ್ಟಿಕರವಾಗಿದ್ದರೇನು, ಬೇಕಾದವರ ಕೈಗೆ ಅದು ತಲಪದಿದ್ದರೆ?

ರುಚಿಯೂ ಪುಷ್ಟಿಯೂ ಹಾವು ಮುಂಗುಸಿಗಳೆಂಬ ನಂಬಿಕೆ ತಪ್ಪು. ನಾಲಿಗೆ ಬೇಡುವ ಗರಿಗರಿಯನ್ನು ಜೋಳದ ಅರಳು ಕೊಡಬಲ್ಲದು. ಸಿಹಿಯನ್ನು ಎಳ್ಳುಂಡೆ ಕೊಡಬಲ್ಲದು. ಹುಳಿಖಾರವನ್ನು ನಿಂಬೆ ಹಿಂಡಿದ ಉಸಲಿ ಕೊಡಬಲ್ಲದು. ಇವುಗಳಿಗೆ ಬೇಕಾದ ಪದಾರ್ಥಗಳು ನಮ್ಮ ಹೊಲಗಳಲ್ಲಿಯೇ ಬೆಳೆಯುತ್ತವೆ. ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿ ಸಿಕ್ಕುತ್ತವೆ. ಇವತ್ತು ರಾತ್ರಿ ಒಂದು ಹಿಡಿ ಹೆಸರುಕಾಳನ್ನು ನೀರಿನಲ್ಲಿ ಹಾಕಿಟ್ಟರೆ ನಾಳಿದ್ದು ಸಂಜೆಗೆ ಅದು ತಿಂಡಿಯಾಗುತ್ತದೆ. ಹಾಗೆ ಮಾಡುವಾಗ ಮನೆಯಲ್ಲಿರುವವರನ್ನೆಲ್ಲ ಎಣಿಸಿ, ಒಬ್ಬರ ಪಾಲೂ ತಪ್ಪದಂತೆ ಕಾಳನ್ನು ಅಳೆದು ಹಾಕಬೇಕು.